ಮೈದಾನಕ್ಕೊಂದು ಜೋಳಿಗೆ

2022ರಲ್ಲಿ ನೀರಜ್ ಚೋಪ್ರಾ ಜಾವೆಲಿನ್ ಅನ್ನು 88.13 ಮೀಟರ್ ಎಸೆದು ವಿಶ್ವ ಚಾಂಪಿಯನ್‌ಷಿಪ್ ಬೆಳ್ಳಿ ಗೆದ್ದದ್ದು ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಅಂಗಳದಲ್ಲಿ. ಆ ಹೇವರ್ಡ್ ಫೀಲ್ಡನ್ನು ಹೊಸದಾಗಿ ಕಟ್ಟಲು ದೊಡ್ಡ ಗಂಟು ಬಿಚ್ಚಿದವರು ನೈಕಿ ಕಂಪನಿ ಕಟ್ಟಿದ ಫಿಲ್ ನೈಟ್. ಅವರು ಒಂದು ಕಾಲಕ್ಕೆ ಅದೇ ವಿಶ್ವವಿದ್ಯಾಲಯದ ಓಟಗಾರ. ಇಂಥ ಹಳೆಯ ಆಟಗಾರರ ನಂಟು ಉಳಿಸಿಕೊಂಡು ದೇಣಿಗೆ ತರುವುದೇ ಅಲ್ಲಿ ಸಂಬಳದ ಕೆಲಸ, ಅದಕ್ಕೊಂದು ಇಲಾಖೆ.

ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಆ ಹುದ್ದೆಯ ಬೋರ್ಡು ಹುಡುಕಿದರೆ ಸಿಗುವುದು ಕಷ್ಟ. ಕೆಲಸವೇನೋ ನಡೆದಿದೆ, ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ತಲೆಯ ಮೇಲೆ. ಅಂಥವರೊಬ್ಬರ ಮೇಜಿನ ಖಾನೆಯಲ್ಲಿ ರಟ್ಟು ಸವೆದ ಉದ್ದನೆಯ ನೋಟ್‌ಬುಕ್ಕಿದೆ. ಯಾವ ಬ್ಯಾಚು, ಯಾವ ಆಟ, ಈಗ ಪೊಲೀಸೋ ರೈಲ್ವೆಯೋ, ಫೋನ್ ನಂಬರು. ನಂಬರು ಬದಲಾದಂತೆ ಹಳೆಯದನ್ನು ಹೊಡೆದುಹಾಕಿ ಪಕ್ಕದಲ್ಲೇ ಹೊಸದು. ಅಂತರಕಾಲೇಜು ಕೂಟ ಹತ್ತಿರವಾದಾಗ ಖಾನೆ ತೆರೆಯುತ್ತದೆ. ಒಬ್ಬರಿಂದ ಜೆರ್ಸಿ, ಇನ್ನೊಬ್ಬರಿಂದ ಅಪ್ಪನ ಹೆಸರಿನಲ್ಲೊಂದು ಪಾರಿತೋಷಕ. ಸ್ಪೈಕ್ಸ್‌ಗೆ ಮಾತ್ರ ದಾನಿಗಳು ಕಡಿಮೆ, ಅದರ ಮೇಲೆ ಹೆಸರು ಬರೆಸಲಾಗದಲ್ಲ!

ಬೇಡುವ ವಿದ್ಯೆ ಈ ಸೀಮೆಗೆ ಹೊಸದಲ್ಲ. 1941ರಲ್ಲಿ ಸಿದ್ಧಗಂಗಾ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮೀಜಿ ಸುಗ್ಗಿಯ ಕಾಲಕ್ಕೆ ಹಳ್ಳಿಹಳ್ಳಿ ತಿರುಗಿ ಭಿಕ್ಷೆ ಎತ್ತುತ್ತಿದ್ದರು. ಕೊಡುವವರು ಸಾಹುಕಾರರೇ ಆಗಬೇಕಿರಲಿಲ್ಲ. ಸೇರು ರಾಗಿ ಕೊಟ್ಟ ಮನೆಯೂ ದಾಸೋಹದ ಪಾಲುದಾರ. ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ಅಕ್ಷರ ಸಿಕ್ಕಿದ್ದು ಹೀಗೆ. 1963ರಲ್ಲಿ ಎಂಜಿನಿಯರಿಂಗ್ ಕಾಲೇಜೂ ಬಂತು. ಮಠದಲ್ಲಿ ಉಂಡು ಓದಿದವರು ನೌಕರಿ ಹಿಡಿದ ಮೇಲೆ ದಾಸೋಹಕ್ಕೆ ಅಕ್ಕಿಮೂಟೆ ಕಳಿಸುತ್ತಾರೆ. ಇದಕ್ಕಿಂತ ಗಟ್ಟಿಯಾದ ಹಳೆವಿದ್ಯಾರ್ಥಿ ಸಂಬಂಧ ಯಾವ ದೇಶದಲ್ಲಿದ್ದೀತು? 2019ರಲ್ಲಿ, 111ರ ವಯಸ್ಸಿನಲ್ಲಿ ಸ್ವಾಮೀಜಿ ತೀರಿಕೊಂಡರು. ದಾಸೋಹದ ಒಲೆ ಆರಿಲ್ಲ.

ಅನ್ನಕ್ಕೆ, ಅಕ್ಷರಕ್ಕೆ ತುಂಬಿದ ಈ ಜೋಳಿಗೆ ಆಟದ ಮೈದಾನದ ಕಡೆ ಅಷ್ಟಾಗಿ ತಿರುಗಲಿಲ್ಲ. ಕುಣಿಗಲ್ಲಿನಲ್ಲಿ ಓಟಕ್ಕೆ ಬಂಡವಾಳ ಹಾಕಿದವರಿದ್ದಾರೆ, ಆದರೆ ಅದು ಸ್ಟಡ್ ಫಾರ್ಮಿನ ಕುದುರೆಗಳಿಗೆ.

ತುಮಕೂರು ವಿಶ್ವವಿದ್ಯಾಲಯ ಶುರುವಾದದ್ದು 2004ರಲ್ಲಿ. ಅದರ ಮೊದಲ ಸಾಲಿನ ಪದವೀಧರರು ಈಗಷ್ಟೇ ನಾಲ್ಕು ಕಾಸು ಕಾಣುವ ವಯಸ್ಸಿಗೆ ಬಂದಿದ್ದಾರೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್, ಹಳೆಯ ವಿದ್ಯಾರ್ಥಿಗಳ ಸಂಘ ನೋಂದಣಿಯಾಗಿದೆಯೇ, ಏನು ಕೊಟ್ಟಿದೆ ಎಂದು ಕೇಳುತ್ತ ಬಂದಿದೆ. ಆ ನೆಪಕ್ಕಾದರೂ ಕಾಲೇಜುಗಳು ಸಂಘ ಕಟ್ಟುತ್ತಿವೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಕಂಪನಿಗಳು ಸಾಮಾಜಿಕ ಹೊಣೆಗೆಂದು ತೆಗೆದಿಡುವ ಸಿಎಸ್‌ಆರ್ ಹಣವನ್ನು ಗ್ರಾಮೀಣ ಕ್ರೀಡೆಯ ತರಬೇತಿಗೂ ಬಳಸಬಹುದು. ಆದರೆ ಅರ್ಜಿ ಬರೆದು, ಲೆಕ್ಕ ಒಪ್ಪಿಸಿ, ಮರುವರ್ಷ ಮತ್ತೆ ಬಾಗಿಲು ತಟ್ಟಲು ಒಬ್ಬ ಮನುಷ್ಯ ಬೇಕು. ಬೆಳಿಗ್ಗೆ ಟ್ರ್ಯಾಕಿಗೆ ಸುಣ್ಣದ ಗೆರೆ ಎಳೆಸುವವರೇ ಮಧ್ಯಾಹ್ನ ಅದನ್ನೂ ಮಾಡಲಿ ಅನ್ನುವುದು ನ್ಯಾಯವಲ್ಲ. ವಿಶ್ವವಿದ್ಯಾಲಯ ಇದಕ್ಕೆಂದೇ ಒಂದು ಹುದ್ದೆ ಕೊಟ್ಟು ನೋಡಬೇಕು. ಆಡಿ ಬೆಳೆದ ಹುಡುಗ ಹುಡುಗಿಯರಿಗೂ ಒಂದು ಕಸುಬಾದೀತು.

ಆ ನೋಟ್‌ಬುಕ್ಕಿನ ಯಜಮಾನರಿಗೆ ನಿವೃತ್ತಿ ಹತ್ತಿರ. ಅದನ್ನು ಯಾರ ಕೈಗೆ ಕೊಡುವುದೆಂದು ಅವರಿಗಿನ್ನೂ ತೋಚಿಲ್ಲ. ಕಾಲೇಜಿನ ಬನಿಯನ್ ತೊಟ್ಟು ಒಮ್ಮೆಯಾದರೂ ಓಡಿದವರು ನೀವಾಗಿದ್ದರೆ, ನಿಮ್ಮ ಕಾಲೇಜಿಗೆ ಫೋನ್ ಮಾಡಿ ಈ ವರ್ಷ ಹುಡುಗರಿಗೆ ಏನು ಬೇಕೆಂದು ವಿಚಾರಿಸಿ. ಕೊಟ್ಟದ್ದಕ್ಕೆ ರಸೀದಿ ಕೇಳಿ ಪಡೆಯಿರಿ.