ಬದನವಾಳಿನ ನೆನಪು ಯಾರ ಹೊಣೆ?

ನಂಜನಗೂಡು ತಾಲ್ಲೂಕಿನ ಬದನವಾಳು ಅಂದರೆ ಖಾದಿ ಬಲ್ಲವರಿಗೆ 1927ರ ಗಾಂಧಿ ಭೇಟಿ ನೆನಪಾಗುತ್ತದೆ. ನಂಜನಗೂಡು, ತಿ. ನರಸೀಪುರ ಸೀಮೆಯ ದಲಿತ ಕೇರಿಗಳಿಗೆ ನೆನಪಾಗಬೇಕಾದ ದಿನ ಬೇರೆ, 1993ರ ಮಾರ್ಚ್ 25. ಸಿದ್ಧೇಶ್ವರ ದೇವಸ್ಥಾನದೊಳಕ್ಕೆ ದಲಿತರ ಪ್ರವೇಶದ ವಿಷಯಕ್ಕೆ ಲಿಂಗಾಯತರಿಗೂ ದಲಿತರಿಗೂ ಹುಟ್ಟಿದ್ದ ವೈಮನಸ್ಯ ಆ ದಿನ ಮೂವರು ದಲಿತರ ಕೊಲೆಯಲ್ಲಿ ಮುಗಿಯಿತು. ಸತ್ತವರಲ್ಲಿ ಒಬ್ಬರು ನಿವೃತ್ತ ಮುಖ್ಯೋಪಾಧ್ಯಾಯರು, ಇನ್ನೊಬ್ಬರು ಇಂಜಿನಿಯರ್ ಆಗಿದ್ದ ಅವರ ಮಗ. ಎರಡು ತಲೆಮಾರು ಓದಿ ಸಂಪಾದಿಸಿದ್ದನ್ನು ಒಂದು ಮನೆ ಒಂದೇ ದಿನ ಕಳೆದುಕೊಂಡಿತು. ಊರಿನ ಹೆಸರು ಆಮೇಲೂ ದೊಡ್ಡ ಸುದ್ದಿಯಾಯಿತು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅಲ್ಲಿಂದಲೇ ಸುಸ್ಥಿರ ಬದುಕಿನ ಸತ್ಯಾಗ್ರಹ ನಡೆಸಿದರು. ಆದರೆ ಸತ್ತವರ ಮನೆಯವರ ನೆನಪು ಆ ಮನೆಗಳ ಪಾಲಿಗಷ್ಟೇ ಉಳಿಯಬಾರದು, ಊರಿನ ಚರಿತ್ರೆಗೆ ಸೇರಬೇಕು. ಸೇರದೆ ಎರಡು ಸಮುದಾಯಗಳ ರಾಜಿ ಗಟ್ಟಿಯಾಗುವುದಿಲ್ಲ.

ಕೋರ್ಟು ತೀರ್ಪು ಕೊಟ್ಟಾಯಿತಲ್ಲ, ಇನ್ನೇನು ಎನ್ನುವವರಿದ್ದಾರೆ. ನಿಜ, 2010ರಲ್ಲಿ ಮೈಸೂರಿನ ನ್ಯಾಯಾಲಯ ಅಪರಾಧಿಗಳಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆದರೆ ಆ ಹೊತ್ತಿಗೆ ಹದಿನೇಳು ವರ್ಷ ಕಳೆದಿತ್ತು. ಕೊಲೆ ನಡೆದಾಗ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಜಾರಿಗೆ ಬಂದು ಮೂರೇ ವರ್ಷವಾಗಿತ್ತು. ಪರಿಹಾರ, ಪುನರ್ವಸತಿಯ ನಿಯಮಗಳು ಬಂದದ್ದು 1995ರಲ್ಲಿ, ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕುಗಳಿಗೆ ಕಾಯ್ದೆಯಲ್ಲೇ ಪ್ರತ್ಯೇಕ ಜಾಗ ಸಿಕ್ಕಿದ್ದು 2016ರ ಜನವರಿಯಿಂದ. ಜೊತೆಗೆ, ಕೋರ್ಟು ಹುಡುಕುವುದು ಯಾರು ಹೊಡೆದರು ಎಂಬುದನ್ನು. ಆ ಮನೆಯಲ್ಲಿ ಯಾರ ಓದು ನಿಂತಿತು, ನೆರೆಯವರ ಮುಂದೆ ಸಾಕ್ಷಿ ಹೇಳಿ ಬಂದವರು ಮರುದಿನ ಅದೇ ಬೀದಿಯಲ್ಲಿ ಹೇಗೆ ನಡೆದರು ಎಂದು ಅದು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಅದನ್ನು ಮನೆಯವರಷ್ಟೇ ಹೇಳಬಲ್ಲರು.

ಹಳೇ ಗಾಯ ಕೆದಕಬೇಡಿ, ಊರು ನೆಮ್ಮದಿಯಾಗಿದೆ ಎಂಬ ಮಾತನ್ನು ಒಳ್ಳೆಯ ಮನಸ್ಸಿನವರೂ ಆಡುತ್ತಾರೆ. ಅದಕ್ಕೆ ಬದನವಾಳಿನ ರಸ್ತೆಯೇ ಉತ್ತರ. ಲಿಂಗಾಯತರ ಬೀದಿಗೂ ದಲಿತರ ಕೇರಿಗೂ ನಡುವಿನ ಆ ದಾರಿ ಗಲಾಟೆಯ ನಂತರ ಬಂದ್ ಆಯಿತು. ಕೆಲವೇ ಹೆಜ್ಜೆ ದೂರದ ಮನೆಗೆ ಸುತ್ತಿಕೊಂಡು ಹೋಗಬೇಕಾದಲ್ಲಿ ಮಕ್ಕಳು ಬೆಳೆದರು. ಮತ್ತೆ ತೆರೆದದ್ದು 2022ರ ಅಕ್ಟೋಬರ್ 2ರಂದು, ಭಾರತ್ ಜೋಡೋ ಯಾತ್ರೆಯಲ್ಲಿ ರಾಹುಲ್ ಗಾಂಧಿ ಬಂದು ಎರಡೂ ಸಮುದಾಯದವರು ಒಟ್ಟಿಗೆ ಊಟಕ್ಕೆ ಕೂತ ದಿನ. ಇಪ್ಪತ್ತೊಂಬತ್ತು ವರ್ಷ ಸುಮ್ಮನಿದ್ದರೂ ಮೌನ ಆ ದಾರಿಯನ್ನು ತೆರೆಯಲಿಲ್ಲ. ಆ ದಿನದ ಸಹಪಂಕ್ತಿ ಭೋಜನವನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಆದರೆ ದಾರಿ ಯಾಕೆ ಮುಚ್ಚಿತ್ತು ಎಂದು ಅಲ್ಲಿ ನಡೆಯುವ ಹುಡುಗನಿಗೆ ಯಾರಾದರೂ ಹೇಳಬೇಕಲ್ಲ.

ನೆನಪು ಏಕಪಕ್ಷೀಯ, ಕಾಲ ಕಳೆದಂತೆ ಬಣ್ಣ ಬಳಿದುಕೊಳ್ಳುತ್ತದೆ ಎಂಬ ಆಕ್ಷೇಪಕ್ಕೆ ತೂಕವಿದೆ. ತಾರೀಖು, ಗಂಟೆ ತಪ್ಪಬಹುದು. ಅದಕ್ಕೆ ಪೊಲೀಸ್ ಕಡತ, ತೀರ್ಪು, ಅಂದಿನ ಪತ್ರಿಕೆಗಳನ್ನು ಪಕ್ಕಕ್ಕಿಟ್ಟು ಹೋಲಿಸಬಹುದು. ಜೈಲಿಗೆ ಹೋದವರ ಮನೆಯ ಹೆಂಗಸರು, ಮಕ್ಕಳು ಅನುಭವಿಸಿದ್ದನ್ನೂ ಬರೆದಿಡಬೇಕು, ಕೊಲೆಯಾದವರ ಮನೆಯ ನಷ್ಟಕ್ಕೆ ಅದನ್ನು ಸಮವೆಂದು ತೂಗದೆ. ಮೈಸೂರು ವಿಶ್ವವಿದ್ಯಾಲಯ ಇಲ್ಲಿಗೆ ದೂರವಲ್ಲ, ಮೌಖಿಕ ಚರಿತ್ರೆ ದಾಖಲಿಸುವ ಕ್ರಮವೂ ಹೊಸದಲ್ಲ. ಅಂದು ಮೂವತ್ತರ ಹರೆಯದಲ್ಲಿದ್ದವರಿಗೆ ಈಗ ಅರವತ್ತು ದಾಟಿದೆ. ಅವರಿನ್ನೂ ಹೇಳಬಲ್ಲರು, ಕೇಳುವ ಕೆಲಸ ಈ ವರ್ಷವೇ ಶುರುವಾಗಲಿ.