ಓಟದ ಕುದುರೆ ಮನೆಗೆ ಬಂದರೆ: ಎಲೆಕ್ಟ್ರಿಕ್ ಎಸ್‌ಯುವಿ ಕೊಳ್ಳುವವರಿಗೊಂದು ಲೆಕ್ಕ

ಕಾರು ಕೊಳ್ಳುವ ಮಾತು ಬಂದರೆ ಈಗ ಮನೆಯಲ್ಲಿ ಮೊದಲ ವೋಟು ಮಕ್ಕಳದ್ದು. ಅಪ್ಪ ಬೆಲೆ ಕೇಳುವಷ್ಟರಲ್ಲಿ ಮಗ ಯುಟ್ಯೂಬ್ ನೋಡಿ ಅದರ ವೇಗ, ಪರದೆಯ ಅಳತೆ, ಸ್ಪೀಕರುಗಳ ಸಂಖ್ಯೆ ಎಲ್ಲವನ್ನೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿರುತ್ತಾನೆ. ಹೀಗೆ ಮಕ್ಕಳ ಕಣ್ಣು ಸೆಳೆಯುತ್ತಿರುವ ಗಾಡಿಗಳಲ್ಲಿ ಮಹೀಂದ್ರ ಕಂಪನಿಯ ಬಿಇ 6 ಮುಂದಿದೆ. 2024ರ ನವೆಂಬರ್ 26ರಂದು ಚೆನ್ನೈಯಲ್ಲಿ ಇದು ಬಿಡುಗಡೆಯಾದಾಗ ಹೆಸರು ಬಿಇ 6ಇ ಎಂದಿತ್ತು. 6ಇ ಎನ್ನುವುದು ಇಂಡಿಗೋ ವಿಮಾನಗಳ ಸಂಕೇತ. ಆ ಸಂಸ್ಥೆ ಕೋರ್ಟಿಗೆ ಹೋಯಿತು, ಮಹೀಂದ್ರದವರು ಕೊನೆಯ ‘ಇ’ ಕೈಬಿಟ್ಟರು. ಒಂದು ಅಕ್ಷರಕ್ಕೆ ವಿಮಾನಕ್ಕೂ ಕಾರಿಗೂ ಜಗಳ!

ನಮ್ಮ ರಾಜ್ಯಕ್ಕೂ ಇದಕ್ಕೂ ಒಂದು ನಂಟಿದೆ. 2001ರಲ್ಲಿ ಬೆಂಗಳೂರಿನಲ್ಲಿ ಚೇತನ್ ಮೈನಿಯವರ ‘ರೇವಾ’ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು ರಸ್ತೆಗಿಳಿಯಿತು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಮುದುರಿಕೊಂಡು ಇಬ್ಬರು ಮಕ್ಕಳು. ಒಮ್ಮೆ ಚಾರ್ಜ್ ಮಾಡಿದರೆ ಎಂಬತ್ತು ಕಿ.ಮೀ. ಸುತ್ತಮುತ್ತ ಓಡುತ್ತಿತ್ತು. 2010ರಲ್ಲಿ ಆ ಕಂಪನಿಯ ಬಹುಪಾಲು ಷೇರುಗಳನ್ನು ಕೊಂಡವರೇ ಮಹೀಂದ್ರ. ಆ ಪುಟಾಣಿಯನ್ನು ನೋಡಿದವರಿಗೆ ಇಂದಿನ ಈ ದೈತ್ಯ ನೋಡಿದರೆ ಬೆರಗಾಗದೆ ಇರದು.

ದೈತ್ಯ ಎಂದದ್ದು ಸುಮ್ಮನೆ ಅಲ್ಲ. ಬ್ಯಾಟರಿ ಎರಡು ಅಳತೆಯಲ್ಲಿ ಸಿಗುತ್ತದೆ, 59 ಮತ್ತು 79 ಕಿಲೋವ್ಯಾಟ್ ಅವರ್. ಅಂದರೆ ಮನೆಯ ಕರೆಂಟ್ ಬಿಲ್ಲಿನ ಭಾಷೆಯಲ್ಲಿ 59 ಯೂನಿಟ್, 79 ಯೂನಿಟ್. ದೊಡ್ಡ ಬ್ಯಾಟರಿಯದ್ದು 286 ಅಶ್ವಶಕ್ತಿ. ನಿಂತಲ್ಲಿಂದ ನೂರು ಕಿ.ಮೀ. ವೇಗ ತಲುಪಲು 6.7 ಸೆಕೆಂಡು ಸಾಕು ಎನ್ನುತ್ತದೆ ಕಂಪನಿ. 2025ರ ಆರಂಭದಲ್ಲಿ ಷೋರೂಂ ಬೆಲೆ 18.90 ಲಕ್ಷದಿಂದ 26.90 ಲಕ್ಷದವರೆಗಿತ್ತು. ಮನೆಯಲ್ಲಿ ಗೋಡೆಗೆ ಹಾಕುವ ಚಾರ್ಜರು ಅದರಲ್ಲಿ ಸೇರಿರಲಿಲ್ಲ. 7.2 ಕಿಲೋವ್ಯಾಟಿನದ್ದಕ್ಕೆ 50 ಸಾವಿರ, 11.2ರದ್ದಕ್ಕೆ 75 ಸಾವಿರ ಬೇರೆ. ಬೆಲೆ ಕೇಳುವಾಗ ‘ಚಾರ್ಜರು ಸೇರಿಸಿ ಹೇಳಿ’ ಅನ್ನಿ.

ಲೆಡ್ಜರ್ ತೆರೆದಾಗ

ಮೂವತ್ತು ವರ್ಷಕ್ಕೂ ಹೆಚ್ಚು ಬ್ಯಾಂಕಿನ ಕೌಂಟರಿನಲ್ಲಿ ಕೂತವನು ನಾನು. ಅಂಕಿ ಕಂಡರೆ ಪೆನ್ಸಿಲ್ ಹುಡುಕುವ ಚಟ. ನಮ್ಮ ಮನೆಯಲ್ಲೂ ಈಗ ಇದೇ ಚರ್ಚೆ ನಡೆದಿದೆ. ಬೆಂಗಳೂರಿನಲ್ಲಿರುವ ಮಗಳು ಅಳಿಯ ಈ ಕಾರು ಕೊಳ್ಳಬೇಕೆಂದಿದ್ದಾರೆ. ‘ಮಾವ, ಪೆಟ್ರೋಲಿನಲ್ಲಿ ಉಳಿಯೋ ದುಡ್ಡೇ ಕಂತು ಕಟ್ಟಿಬಿಡುತ್ತೆ’ ಎಂದು ಅಳಿಯಂದಿರ ವಾದ. ಕೊರತೆ ಬೀಳುವ ಏಳು ಲಕ್ಷಕ್ಕೆ ಎಲ್ಲರ ಕಣ್ಣು ಇರುವುದು ನನ್ನ ನಿವೃತ್ತಿ ಹಣದ ಒಂದು ಠೇವಣಿಯ ಮೇಲೆ. ಅದರ ಬಡ್ಡಿಯಲ್ಲೇ ನನ್ನವಳ ಮತ್ತು ನನ್ನ ಔಷಧಿಯ ಖರ್ಚು ನಡೆಯುವುದು. ಆದ್ದರಿಂದ ಲೆಕ್ಕ ಬರೆದೇ ನೋಡಿದೆ. ನೀವೂ ನಿಮ್ಮ ಅಂಕಿ ಹಾಕಿ ನೋಡಿ.

ಮನೆಯಲ್ಲೇ ಚಾರ್ಜ್ ಮಾಡಿದರೆ ಯೂನಿಟ್ಟಿಗೆ ಎಲ್ಲ ಸೇರಿ 8 ರೂಪಾಯಿ ಎಂದು ಇಟ್ಟುಕೊಳ್ಳೋಣ. ಚಾರ್ಜ್ ಮಾಡುವಾಗ ಸೋರಿಹೋಗುವುದನ್ನೂ ಕಳೆದು ಯೂನಿಟ್ಟಿಗೆ 5 ಕಿ.ಮೀ. ಎಂದರೆ ಕಿ.ಮೀ.ಗೆ 1.60 ರೂಪಾಯಿ. ಪೆಟ್ರೋಲ್ ಗಾಡಿ ಊರೊಳಗೆ ಲೀಟರಿಗೆ 12 ಕಿ.ಮೀ. ಕೊಟ್ಟು, ಲೀಟರಿನ ಬೆಲೆ 103 ಇದ್ದರೆ ಕಿ.ಮೀ.ಗೆ ಸುಮಾರು 8.60. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವರಿಗೆ ಏಳು ಸಾವಿರ ಉಳಿತಾಯ. ಕೇಳಲು ಹಿತವಾಗಿದೆ. ಆದರೆ ಅದೇ ಗಾತ್ರದ ಪೆಟ್ರೋಲ್ ಗಾಡಿ 17 ಲಕ್ಷಕ್ಕೆ, ಇದು 24 ಲಕ್ಷಕ್ಕೆ ಮನೆಗೆ ಬಂದರೆ ವ್ಯತ್ಯಾಸ ಏಳು ಲಕ್ಷ. ಏಳು ಸಾವಿರದಂತೆ ಅದು ವಾಪಸು ಬರಲು ನೂರು ತಿಂಗಳು, ಎಂಟು ವರ್ಷ ನಾಲ್ಕು ತಿಂಗಳು. ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಆ ಏಳು ಲಕ್ಷ ಶೇ. 6.5ರ ಠೇವಣಿಯಲ್ಲಿ ಇದ್ದಿದ್ದರೆ ತಿಂಗಳಿಗೆ ಸುಮಾರು 3,800 ಬಡ್ಡಿ ಬರುತ್ತಿತ್ತು. ಹಾಗಾದರೆ ನಿಜವಾದ ಉಳಿತಾಯ ಏಳು ಸಾವಿರವಲ್ಲ, ಮೂರು ಸಾವಿರದ ಚಿಲ್ಲರೆ.

ದಿನಾ ವೈಟ್‌ಫೀಲ್ಡಿಗೋ ಎಲೆಕ್ಟ್ರಾನಿಕ್ ಸಿಟಿಗೋ ಹೋಗಿಬಂದು ತಿಂಗಳಿಗೆ ಎರಡು ಸಾವಿರ ಕಿ.ಮೀ. ಓಡಿಸುವವರ ಲೆಕ್ಕ ಬೇರೆ. ಅವರಿಗೆ ನಾಲ್ಕು ವರ್ಷದಲ್ಲಿ ಅಸಲು ಬಂತು. ವಾರಕ್ಕೊಮ್ಮೆ ದೇವಸ್ಥಾನಕ್ಕೆ, ತಿಂಗಳಿಗೊಮ್ಮೆ ಊರಿಗೆ ಹೋಗುವವರು ಉಳಿತಾಯದ ಹೆಸರಿನಲ್ಲಿ ಇದನ್ನು ಕೊಳ್ಳಬೇಡಿ. ಇಷ್ಟಪಟ್ಟು ಕೊಳ್ಳಿ, ಅದು ತಪ್ಪಲ್ಲ.

ಸಾಲದ ಅವಧಿಯನ್ನೂ ನೋಡಿ. 15 ಲಕ್ಷಕ್ಕೆ ಶೇ. 9ರ ಬಡ್ಡಿಯಂತೆ ಏಳು ವರ್ಷಕ್ಕಾದರೆ ಕಂತು ಸುಮಾರು 24,130, ಐದು ವರ್ಷಕ್ಕಾದರೆ 31,140. ಏಳು ಸಾವಿರ ಕಡಿಮೆ ಎಂದು ಉದ್ದದ ಅವಧಿ ಆರಿಸಿದವರು ಒಟ್ಟು ಕಟ್ಟುವ ಬಡ್ಡಿ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಏರುತ್ತದೆ. ಇ-ವಾಹನದ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಒಂದೂವರೆ ಲಕ್ಷ ವಿನಾಯಿತಿ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 80ಇಇಬಿ ಎಂಬ ಆ ಕಲಮು 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ. ರಸ್ತೆ ತೆರಿಗೆಯೂ ಹಾಗೆಯೇ. ಕರ್ನಾಟಕದಲ್ಲಿ ಇ-ಕಾರುಗಳಿಗೆ ಇದ್ದ ಪೂರ್ಣ ವಿನಾಯಿತಿ 2024ರಲ್ಲಿ 25 ಲಕ್ಷ ಮೀರಿದ ಗಾಡಿಗಳಿಗೆ ತಪ್ಪಿ, ಶೇ. 10 ಬಿತ್ತು. ಈ ನಿಯಮಗಳು ಬಜೆಟ್ಟಿನ ಜತೆ ಬದಲಾಗುವಂಥವು. ಬುಕ್ ಮಾಡುವ ದಿನವೇ ಆರ್‌ಟಿಒದಲ್ಲಿ ವಿಚಾರಿಸಿ.

ಎಷ್ಟು ದೂರ?

ಪರೀಕ್ಷೆಯಲ್ಲಿ ದೊಡ್ಡ ಬ್ಯಾಟರಿ 680 ಕಿ.ಮೀ. ದಾಟಿದೆ. ಅದು ಪರೀಕ್ಷೆಯ ಲೆಕ್ಕ. ಎ.ಸಿ. ಹಾಕಿ, ಐದು ಜನ ಕೂತು, ಹೆದ್ದಾರಿಯಲ್ಲಿ ಹೋಗುವಾಗ ಯೂನಿಟ್ಟಿಗೆ 6 ಕಿ.ಮೀ. ಎಂದು ಹಿಡಿದರೆ ದೊಡ್ಡದರಲ್ಲಿ 470, ಚಿಕ್ಕದರಲ್ಲಿ 350. ಬೆಂಗಳೂರಿನಿಂದ ಮಂಗಳೂರು ಸುಮಾರು 350 ಕಿ.ಮೀ. ಹೋಗುವಾಗ ಶಿರಾಡಿ ಇಳಿಜಾರಿನಲ್ಲಿ ಮೋಟಾರು ತಾನೇ ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬುತ್ತದೆ. ಮಕ್ಕಳೇ, ಸೈಕಲ್ಲಿನ ಚಕ್ರಕ್ಕೆ ಒತ್ತಿಕೊಳ್ಳುವ ಡೈನಮೋ ನೋಡಿದ್ದೀರಲ್ಲ, ಅದೇ ತತ್ವ. ಬರುವಾಗ ಘಟ್ಟ ಹತ್ತಬೇಕು, ಆಗ ಖರ್ಚು ಜಾಸ್ತಿ. ಚಿಕ್ಕ ಬ್ಯಾಟರಿಯವರು ಹಾಸನದಲ್ಲೋ ಸಕಲೇಶಪುರದಲ್ಲೋ ಕಾಫಿಗೆ ನಿಲ್ಲುವ ಮನಸ್ಸು ಮಾಡಿಕೊಂಡೇ ಹೊರಡಲಿ.

ಶೇ. 20ರಿಂದ 80ಕ್ಕೆ ಇಪ್ಪತ್ತು ನಿಮಿಷ ಸಾಕು ಎಂಬುದು ನಿಜ, ಆದರೆ ದೊಡ್ಡ ಬ್ಯಾಟರಿಗೆ 175 ಕಿಲೋವ್ಯಾಟಿನ ಚಾರ್ಜರ್ ಬೇಕು. 60ರದ್ದು ಸಿಕ್ಕರೆ ಮುಕ್ಕಾಲು ಗಂಟೆ ಮೀರುತ್ತದೆ, 30ರದ್ದಾದರೆ ಒಂದೂವರೆ ಗಂಟೆ. ನಿಮ್ಮೂರಿನ ದಾರಿಯಲ್ಲಿ ಯಾವುದಿದೆ ಎಂದು ಮೊದಲೇ ನೋಡಿಕೊಳ್ಳಿ.

ಮನೆಯಲ್ಲಿ 7.2 ಕಿಲೋವ್ಯಾಟಿನ ಚಾರ್ಜರ್ ಚಿಕ್ಕ ಬ್ಯಾಟರಿಯನ್ನು ಒಂದು ರಾತ್ರಿಯಲ್ಲಿ ತುಂಬುತ್ತದೆ. ಆದರೆ ನಿಮ್ಮ ಮನೆಗೆ ಮಂಜೂರಾದ ಲೋಡ್ ಮೂರು ಕಿಲೋವ್ಯಾಟ್ ಇದ್ದರೆ ಮೊದಲು ಬೆಸ್ಕಾಂ, ಮೆಸ್ಕಾಂ ಅಥವಾ ಹೆಸ್ಕಾಂಗೆ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಬೇಕು. ಅರ್ತಿಂಗ್ ಪರೀಕ್ಷೆ ಮಾಡಿಸಲೇಬೇಕು. 11.2ರದ್ದಕ್ಕೆ ತ್ರೀ ಫೇಸ್ ಬೇಕು. ಅಪಾರ್ಟ್‌ಮೆಂಟಿನವರು ಸಂಘದ ಒಪ್ಪಿಗೆ ಕಾಗದದಲ್ಲಿ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ. ಮನೆಯಲ್ಲಿ ಚಾರ್ಜ್ ಮಾಡಲಾಗದವರಿಗೆ ನಾನು ಮೇಲೆ ಹೇಳಿದ 1.60ರ ಲೆಕ್ಕ ಅನ್ವಯಿಸುವುದೇ ಇಲ್ಲ. ಹೊರಗಡೆ ಯೂನಿಟ್ಟಿಗೆ 20 ಕೊಟ್ಟರೆ ಕಿ.ಮೀ.ಗೆ 4 ರೂಪಾಯಿ ಆಯಿತು.

ಹಿಂದಿನ ಸೀಟು

ಮುಂದೆ ಕೂತವನಿಗೆ ಇದು ಯುದ್ಧವಿಮಾನ. ಹಿಂದೆ? ಚಾವಣಿ ಹಿಂದಕ್ಕೆ ಇಳಿಜಾರಾಗಿದೆ, ಗಾಜು ಚಿಕ್ಕದು, ನೆಲದಡಿಯಲ್ಲಿ ಬ್ಯಾಟರಿ ಇರುವುದರಿಂದ ಮೊಣಕಾಲು ಸ್ವಲ್ಪ ಮೇಲೆದ್ದೇ ಇರುತ್ತದೆ. ಹಿಂಬಾಗಿಲ ಹಿಡಿಕೆ ಮೇಲೆ ಕಂಬದಲ್ಲಿ ಅಡಗಿದೆ, ಚಿಕ್ಕ ಮಕ್ಕಳಿಗೆ ಎಟುಕುವುದು ಕಷ್ಟ. ಡಿಕ್ಕಿ 455 ಲೀಟರ್, ಬಾನೆಟ್ ಅಡಿಯಲ್ಲೂ 45 ಲೀಟರಿನ ಪುಟ್ಟ ಜಾಗ. ಮದುವೆಗೆ ಹೊರಟ ಕುಟುಂಬಕ್ಕೆ ಇದು ಇಕ್ಕಟ್ಟು ಅನ್ನಿಸಿದರೆ ಇದೇ ಕಂಪನಿಯ ಎಕ್ಸ್‌ಇವಿ 9ಇ ನೋಡಿ. ಒಳಗಿನ ಅಸ್ಥಿಪಂಜರ ಅದೇ, ಡಿಕ್ಕಿ 663 ಲೀಟರ್, ಹಿಂದೆ ಕಾಲು ಚಾಚಲು ಜಾಗ ಹೆಚ್ಚು. ಅಷ್ಟು ಓಟ ಬೇಡ ಎನ್ನುವವರಿಗೆ ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್, ಕಾಫಿತೋಟದ ಕೆಸರಿನ ದಾರಿಯವರಿಗೆ ನಾಲ್ಕೂ ಚಕ್ರ ತಿರುಗುವ ಟಾಟಾ ಹ್ಯಾರಿಯರ್ ಇವಿ ಇವೆ.

ಟೆಸ್ಟ್ ಡ್ರೈವಿಗೆ ಗಂಡಸರು ಮಾತ್ರ ಹೋಗಿ ಬರುವ ಪದ್ಧತಿ ನನಗೆ ಸೇರದು. ಅಜ್ಜಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಅರ್ಧ ಗಂಟೆ ಓಡಿಸಿ. ಕಾಲು ತೆಗೆದ ಕೂಡಲೇ ಗಾಡಿ ತಾನೇ ಬ್ರೇಕ್ ಹಿಡಿದಂತೆ ನಿಧಾನವಾಗುತ್ತದೆ. ಓಡಿಸುವವನಿಗೆ ಇದು ಆಟ, ಹಿಂದೆ ಕೂತ ಮಕ್ಕಳಿಗೆ ಕೆಲವೊಮ್ಮೆ ವಾಂತಿ. ಇದನ್ನು ಕಡಿಮೆ ಮಾಡಿಕೊಳ್ಳುವುದು ಹೇಗೆ ಎಂದು ಕೇಳಿ ಕಲಿಯಿರಿ. ‘ರೇಸ್’ ಎಂಬ ಒಂದು ಬಗೆಯೂ ಇದೆ. ಹೊಸದಾಗಿ ಲೈಸೆನ್ಸ್ ಪಡೆದ ಮಗ ಮನೆಯಲ್ಲಿದ್ದರೆ ಅಪ್ಪ ಅಮ್ಮ ಅದರ ಬಗ್ಗೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಕರೆಂಟು ಕೈಕೊಟ್ಟರೆ ಒಳಗಿನಿಂದ ಬಾಗಿಲು ತೆರೆಯುವುದು ಹೇಗೆ ಎಂದು ಸೇಲ್ಸ್ ಹುಡುಗನಿಂದ ತೋರಿಸಿಕೊಂಡು, ಮಕ್ಕಳಿಂದಲೇ ಒಮ್ಮೆ ಮಾಡಿಸಿ.

ಸುರಕ್ಷೆಯಲ್ಲಿ ಇದಕ್ಕೆ ಭಾರತ್ ಎನ್‌ಕ್ಯಾಪ್‌ನ ಐದು ನಕ್ಷತ್ರ ಇದೆ. ಮಕ್ಕಳ ವಿಭಾಗದಲ್ಲಿ 49ಕ್ಕೆ 45. ಆದರೆ ಆ ಅಂಕ ಬಂದದ್ದು ಮಕ್ಕಳ ಸೀಟಿನಲ್ಲಿ ಬೊಂಬೆಯನ್ನು ಕಟ್ಟಿ ಕೂರಿಸಿದ್ದಕ್ಕೆ, ಅಮ್ಮನ ತೊಡೆಯ ಮೇಲೆ ಕೂರಿಸಿದ್ದಕ್ಕಲ್ಲ. ಇಪ್ಪತ್ತು ಲಕ್ಷ ಕೊಡುವವರು ಮಗುವಿನ ಸೀಟಿಗೆ ಚೌಕಾಸಿ ಮಾಡಬಾರದು.

ಕೊನೆಗೆ ಕಾಗದಪತ್ರ. ಬ್ಯಾಟರಿಗೆ ಜೀವಿತಾವಧಿ ವಾರಂಟಿ ಎಂದು ಕಂಪನಿ ಹೇಳಿದ್ದು ಖಾಸಗಿಯಾಗಿ ನೋಂದಾಯಿಸಿದ ಮೊದಲ ಮಾಲೀಕರಿಗೆ. ಕೈ ಬದಲಾದರೆ ಹತ್ತು ವರ್ಷ ಅಥವಾ ಎರಡು ಲಕ್ಷ ಕಿ.ಮೀ. ‘ನಿಮ್ಮ ಹೆಸರಲ್ಲೇ ಕೊಳ್ಳೋಣ ಮಾವ’ ಎಂದು ಅಳಿಯ ಪ್ರೀತಿಯಿಂದ ಅಂದರು. ಎಪ್ಪತ್ತು ದಾಟಿದವನ ಜೀವಿತಾವಧಿಗೆ ವಾರಂಟಿ ಕಟ್ಟಿಕೊಳ್ಳುವುದು ಜಾಣತನವಲ್ಲವಲ್ಲ! ಗಾಡಿ ಮಗಳ ಹೆಸರಿಗೇ ಆಗಲಿ ಎಂದೆ. ಠೇವಣಿಯಲ್ಲಿ ಮೂರು ಲಕ್ಷ ಕೊಡುತ್ತೇನೆ, ನಾಲ್ಕು ಅಲ್ಲೇ ಇರಲಿ ಎಂದೂ ಹೇಳಿದ್ದೇನೆ. ಹಾಗಾಗಿ ಚಿಕ್ಕ ಬ್ಯಾಟರಿಯದ್ದನ್ನೇ ನೋಡಲು ಒಪ್ಪಿದ್ದಾರೆ. ಭಾನುವಾರ ಬೆಳಗ್ಗೆ ಹತ್ತಕ್ಕೆ ಟೆಸ್ಟ್ ಡ್ರೈವ್, ಹಿಂದಿನ ಸೀಟಿನಲ್ಲಿ ನನ್ನವಳು.