ಯಂತ್ರಾಜ್ಞೆಗಳಲ್ಲಿ ಕೃತಕವನ್ನು ಗುರುತಿಸುವ ಬಗೆ

ಶಾಸನಗಳನ್ನು ಪರಿಶೋಧಿಸುವವರಿಗೆ ಕೂಟಶಾಸನಗಳ ತೊಡಕು ಹೊಸದಲ್ಲ. ಲಿಪಿ, ಮುದ್ರೆ, ವಂಶಾವಳಿಗಳೆಲ್ಲವೂ ನೆಟ್ಟಗಿದ್ದು, ತಿಥಿವಾರಗಳು ಮಾತ್ರ ಗಣಿತಕ್ಕೆ ಹೊಂದದಿರುವುದರಿಂದ ತಾಮ್ರಪಟವು ಕೃತಕವೆಂದು ಗೊತ್ತಾಗುವುದುಂಟು. ನೀರು, ವಿದ್ಯುತ್ತು ಮೊದಲಾದವುಗಳ ಸ್ಥಾವರಗಳನ್ನು ಈಗ ನಡೆಯಿಸುತ್ತಿರುವ ಕಂಪ್ಯೂಟರ್ ಜಾಲಗಳಲ್ಲಿಯೂ ಇದೇ ಬಗೆಯ ಪ್ರಶ್ನೆಯು ಎದ್ದಿದೆ. ೧೯೭೯ರಲ್ಲಿ ಹೊರಬಂದು ಇಂದಿಗೂ ಬಳಕೆಯಲ್ಲಿರುವ ಮಾಡ್‌ಬಸ್ ಎಂಬ ಸಂದೇಶಪದ್ಧತಿಯು ಅದರ ಮೂಲರೂಪದಲ್ಲಿ ಮುದ್ರೆಯಿಲ್ಲದ ರಾಯಸದಂತಿದೆ. ವಿಳಾಸವೂ ವ್ಯಾಕರಣವೂ ಸರಿಯಾಗಿದ್ದರೆ ಯಂತ್ರವು ಆಜ್ಞೆಯನ್ನು ನಡೆಸಿಬಿಡುವುದಲ್ಲದೆ, ಕಳುಹಿಸಿದವರು ಯಾರೆಂದು ವಿಚಾರಿಸುವುದಿಲ್ಲ. ಆದಕಾರಣ ಸಂದೇಶದ ರೂಪವೊಂದನ್ನೇ ನೋಡಿ ಸತ್ಯಾಸತ್ಯವನ್ನು ನಿರ್ಣಯಿಸುವುದು ಸಾಧ್ಯವಲ್ಲ.

೨೦೦೦ದ ಮೊದಲ ತಿಂಗಳುಗಳಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ಪ್ರಾಂತದ ಮರೂಚಿಯಲ್ಲಿ ನಡೆದ ಸಂಗತಿಯು ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಮಲಿನಜಲವನ್ನು ಸಾಗಿಸುವ ೧೪೨ ಪಂಪು ಠಾಣೆಗಳು ರೇಡಿಯೋ ಮೂಲಕ ಕೇಂದ್ರದೊಡನೆ ವ್ಯವಹರಿಸುತ್ತಿದ್ದುವು. ಪಂಪುಗಳು ಓಡಬೇಕಾದಾಗ ಓಡಲಿಲ್ಲ. ಅಪಾಯಸೂಚನೆಗಳು ಕೇಂದ್ರಕ್ಕೆ ಮುಟ್ಟಲಿಲ್ಲ. ವ್ಯವಸ್ಥೆಯು ಹೊಸದಾಗಿದ್ದುದರಿಂದ ಜೋಡಣೆಯ ದೋಷವೆಂದೇ ಮೊದಲು ಎಣಿಸಿದರು. ರೇಡಿಯೋ ಸಂದೇಶಗಳನ್ನು ದಾಖಲಿಸಿ ಪರಿಶೀಲಿಸಿದ ಒಬ್ಬ ಇಂಜಿನಿಯರರಿಗೆ, ಕೆಡಕಿನ ಆಜ್ಞೆಗಳು ೧೪ನೆಯ ಠಾಣೆಯ ಹೆಸರಿನಲ್ಲಿ ಬರುತ್ತಿರುವುದು ಕಂಡಿತು. ಹೋಗಿ ನೋಡಿದರೆ ಆ ಠಾಣೆಯ ಯಂತ್ರದಲ್ಲಿ ಯಾವ ದೋಷವೂ ಇಲ್ಲ! ಆಗ ಅವರು ಹೂಡಿದ ಉಪಾಯವು ಸರಳವಾದರೂ ಮೆಚ್ಚತಕ್ಕುದು. ನಿಜವಾದ ಠಾಣೆಯ ಸಂಖ್ಯೆಯನ್ನು ೩ ಎಂದು ಬದಲಿಸಿದರು. ಅಲ್ಲಿಂದ ಮುಂದೆ ತಾನು ೧೪ ಎಂದು ಹೇಳಿಕೊಂಡು ಬಂದುದೆಲ್ಲವೂ ಕೃತಕವೇ ಸರಿ. ಕೊನೆಗೆ ಸಿಕ್ಕಿಬಿದ್ದವನು ಆ ವ್ಯವಸ್ಥೆಯನ್ನು ಸ್ಥಾಪಿಸಿದ ಸಂಸ್ಥೆಯಲ್ಲಿ ಹಿಂದೆ ನೌಕರನಾಗಿದ್ದವನು. ಅವನ ಕೃತ್ಯದಿಂದ ಸುಮಾರು ೮ ಲಕ್ಷ ಲೀಟರು ಮಲಿನಜಲವು ಉದ್ಯಾನಗಳಿಗೂ ಹೊಳೆಗಳಿಗೂ ಹರಿದಿತ್ತು. ೨೦೦೧ರಲ್ಲಿ ಅವನಿಗೆ ಎರಡು ವರ್ಷಗಳ ಸೆರೆಯಾಯಿತು.

ಇರಾನಿನ ನತಾಂಜ್ ಸ್ಥಾವರವನ್ನು ಗುರಿಯಾಗಿಟ್ಟುಕೊಂಡು, ೨೦೧೦ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ಟಿನ ಮುಂದೆ ಈ ಉಪಾಯವು ಸಾಲದು. ಅದರ ಒಂದು ಭಾಗವು ಯಂತ್ರಗಳು ಕ್ಷೇಮವಾಗಿದ್ದಾಗಿನ ೨೧ ಸೆಕೆಂಡುಗಳ ಮಾಪನಗಳನ್ನು ಮುದ್ರಿಸಿಟ್ಟುಕೊಂಡು, ಕೆಡಿಸುವ ವೇಳೆಯಲ್ಲಿ ಅವನ್ನೇ ಮರಳಿ ಮರಳಿ ಒಪ್ಪಿಸುವಂತೆ ರಚಿತವಾಗಿತ್ತು. ಇಲ್ಲಿ ಹೊರಗಿನವನ ದನಿಯೇ ಇಲ್ಲ. ಸುಳ್ಳು ಹೇಳುವುದು ಮನೆಯ ಯಂತ್ರವೇ.

ಇಂತಹ ಕಡೆ ಸಂದೇಶವನ್ನು ಬಿಟ್ಟು ವಸ್ತುಧರ್ಮವನ್ನು ಸಾಕ್ಷಿಗೆ ಕರೆಯಬೇಕಾಗುತ್ತದೆ. ಒಳಹರಿವಿನ ಕವಾಟವು ತೆರೆದಿದ್ದು, ನೀರು ಹೊರಗೆ ಹೋಗುವ ದಾರಿಯೆಲ್ಲ ಮುಚ್ಚಿದ್ದರೆ ತೊಟ್ಟಿಯ ಮಟ್ಟವು ಏರಲೇಬೇಕು. ಏರಿಲ್ಲವೆಂದು ವರದಿ ಬಂದರೆ ಮೂರರಲ್ಲಿ ಒಂದು ಮಾತು ಸುಳ್ಳು, ಇಲ್ಲವೆ ತೊಟ್ಟಿ ಸೋರುತ್ತಿದೆ. ಸಿಂಗಪುರದ ತಂತ್ರವಿದ್ಯಾ ವಿಶ್ವವಿದ್ಯಾನಿಲಯವೊಂದರಲ್ಲಿ ೨೦೧೫ರಲ್ಲಿ ಕಟ್ಟಿದ, ಆರು ಹಂತಗಳ ಚಿಕ್ಕ ಜಲಶುದ್ಧಿ ಸ್ಥಾವರದಲ್ಲಿ ಈ ಬಗೆಯ ನಿಯಮಗಳನ್ನು ಪರೀಕ್ಷಿಸಿದ್ದಾರೆ. ಮೂರು ಮಾತುಗಳನ್ನೂ ಹೊಂದಿಸಿ ಸುಳ್ಳಾಡಬಲ್ಲ ಶತ್ರುವಿಗೆ ಇದೂ ಸಾಲದಾದುದರಿಂದ, ಪಂಪಿನ ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಜಾಲಕ್ಕೆ ಸೇರದ ಬೇರೊಂದು ಮಾಪಕದಿಂದ ಅಳೆಯುವ ಕ್ರಮವೂ ಉಂಟು.